ತೊಳೆದ ಬಾಟಲಿಗಳ ಸಾಕ್ಷಿ

ನೀರನ್ನು ಪರೀಕ್ಷಿಸುವವರು ಎಲ್ಲೆಡೆ ಇದ್ದಾರೆ. ಪರೀಕ್ಷೆಯ ಫಲವನ್ನು ಕಡತದಲ್ಲಿ ಮಲಗಿಸದೆ ಬೀದಿಯ ಜನರ ಮುಂದೆ ಇಟ್ಟವರು ವಿರಳ. ಮೂವತ್ತೊಂದು ವರ್ಷಗಳ ಸೇವೆಯ ನಂತರ ಈ ತಿಂಗಳು ನಿವೃತ್ತರಾಗುತ್ತಿರುವ, ನಗರಸಭೆಯ ನೀರು ಪರೀಕ್ಷಾಲಯದ ಮುಖ್ಯಸ್ಥರು ಅಂಥ ವಿರಳರಲ್ಲಿ ಒಬ್ಬರು. ಹಾಜರಿ ಪುಸ್ತಕದಲ್ಲಿ ಅವರಿಗೆ ಬೇರೆ ಹೆಸರಿದೆ. ಊರ ಕೆರೆಯ ದಂಡೆಯ ಜನಕ್ಕೆ ಅವರು ಕೆರೆಯಕ್ಕ. ಇದನ್ನು ಬರೆಯುತ್ತಿರುವವಳು ಅವರ ಕೈಕೆಳಗೆ ಹತ್ತೊಂಬತ್ತು ವರ್ಷ ದುಡಿದ ಸಹಾಯಕಿ. ಹೇಳಬೇಕಾದದ್ದು ತನ್ನದೇ ತಪ್ಪಿನ ಕಥೆಯಾದ್ದರಿಂದ, 'ನಾನು' ಎನ್ನಲು ನಾಲಗೆ ಹಿಂಜರಿದು, ತನ್ನನ್ನು 'ಸಹಾಯಕಿ' ಎಂದೇ ಕರೆದುಕೊಂಡಿದ್ದಾಳೆ.

ಕೆರೆಯಕ್ಕನವರದು ಒಂದು ಪದ್ಧತಿ. ಪ್ರತಿ ಸೋಮವಾರ ಬೆಳಗ್ಗೆ ಅವರು ಕೆರೆಯ ತೂಬಿನ ಬಳಿ ಹೋಗುತ್ತಿದ್ದರು, ಆದರೆ ನೀರನ್ನು ತಾವು ತುಂಬುತ್ತಿರಲಿಲ್ಲ. ದಂಡೆಯಲ್ಲಿ ಸಿಕ್ಕಿದವರ ಕೈಗೆ ಗಾಜಿನ ಬಾಟಲಿ ಕೊಟ್ಟು ತುಂಬಿಸಿ, ಕುತ್ತಿಗೆಗೆ ರಟ್ಟಿನ ಚೀಟಿ ಕಟ್ಟಿ, ತಾರೀಖು ಬರೆಸಿ ಸಹಿ ಹಾಕಿಸುತ್ತಿದ್ದರು. "ಕೆರೆ ನಿಮ್ದು, ಕೈಯೂ ನಿಮ್ದೇ ಇರ್ಲಿ" ಎನ್ನುತ್ತಿದ್ದರು. ಆ ಬಾಟಲಿಗಳು ಪರೀಕ್ಷಾಲಯದ ಕಿಟಕಿಯ ಹಲಗೆಯ ಮೇಲೆ ಸಾಲಾಗಿ ನಿಲ್ಲುತ್ತಿದ್ದವು. ಎಳೆಬಿಸಿಲು ಅವುಗಳೊಳಗಿಂದ ಹಾದು ಎದುರಿನ ಗೋಡೆಯ ಮೇಲೆ ಹಸಿರು, ಕಂದು, ಕೆಲವು ಸೋಮವಾರಗಳ ಕಡುಗೆಂಪು ಚೆಲ್ಲುತ್ತಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದ ಸಹಾಯಕಿ ಆ ಬಣ್ಣಗಳನ್ನು ನೋಡುತ್ತ ಮೈಮರೆಯುತ್ತಿದ್ದಳು. ಕೋಣೆಯೇ ಮೆಲ್ಲಗೆ ಕೆರೆಯ ತಳಕ್ಕಿಳಿದು, ತಾನೂ ಮೇಜೂ ನೀರಿನಡಿ ತೂಗುತ್ತಿದ್ದೇವೆ ಎನಿಸುತ್ತಿತ್ತು.

ಆ ಕೆಂಪು ಬಂದದ್ದು ಮೇಲುದಂಡೆಯ ಬಣ್ಣದ ಕಾರ್ಖಾನೆಯಿಂದ. ಕೆರೆಯನ್ನು ದಾಖಲೆಯಲ್ಲಿ ಚರಂಡಿ ಎಂದು ಬದಲಾಯಿಸಬೇಕೆಂದು ಅದರ ಮಾಲೀಕರು ಅರ್ಜಿ ಹಾಕಿದ್ದರು. ಚರಂಡಿ ಎಂದಾದರೆ ಬಣ್ಣದ ನೀರು ಬಿಡುವುದು ಅಪರಾಧವೇ ಆಗುತ್ತಿರಲಿಲ್ಲ. ಆ ಅರ್ಜಿಯ ವಿಚಾರಣೆಗೆ ನಗರಸಭೆ ಕರೆದ ಮೊದಲ ಸಭೆಯಲ್ಲಿ ಅವರ ವಕೀಲರು, "ಅಂಕಿ ಯಾರು ಬೇಕಾದ್ರೂ ಬರೀಬಹುದು, ನೀರು ತೋರ್ಸಿ" ಎಂದಿದ್ದರು. ತೋರಿಸಲು ಎರಡು ವರ್ಷಗಳ ಬಾಟಲಿಗಳು ಇದ್ದವು.

ಎರಡನೆಯ ಸಭೆಗೆ ಒಂಬತ್ತು ದಿನ ಉಳಿದಿತ್ತು. ಕೆರೆಯಕ್ಕ ಮನೆ ಮನೆ ಸುತ್ತಿ ಜನರನ್ನು ಸಭೆಗೆ ಕರೆಯುತ್ತಿದ್ದರು. ಮರುದಿನ ಮೇಲಧಿಕಾರಿಯ ತಪಾಸಣೆಯೆಂದು ತಿಳಿದ ಸಹಾಯಕಿ, ಕೆಲಸಕ್ಕೆ ಸೇರಿ ಮೂರೇ ವಾರವಾದವಳು, ಅವು ಸಭೆಗೆ ಬೇಕಾದವೆಂದು ಅರಿಯದೆ, ಪಾಚಿ ಹಿಡಿದು ನಾರುತ್ತಿದ್ದ ಆ ಬಾಟಲಿಗಳನ್ನೆಲ್ಲ ಸೋಪು ಹಾಕಿ ತೊಳೆದು, ಒರೆಸಿ, ಚೀಟಿಗಳನ್ನು ಮರಳಿ ಕಟ್ಟಿಟ್ಟಳು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಎರಡು ವರ್ಷದ ದುಡಿಮೆ ಮೋರಿ ಸೇರಿತು.

ಸಂಜೆ ಹಿಂದಿರುಗಿದ ಕೆರೆಯಕ್ಕ ಹೊಳೆಯುವ ಗಾಜಿನ ಸಾಲನ್ನು ನೋಡಿ ಸ್ಟೂಲಿನ ಮೇಲೆ ಕೂತರು. ಅವರ ಮುಖ ನೋಡಿದ ಮೇಲೆಯೇ ಸಹಾಯಕಿಗೆ ತಾನು ಮಾಡಿದ್ದೇನೆಂದು ಹೊಳೆದದ್ದು.

"ಚೀಟಿ ಅದಲುಬದಲಾಗಿದ್ಯಾ?"

"ಒಂದೂ ಇಲ್ಲ, ಮೇಡಂ."

"ಊಟ ಮಾಡಿದ್ಯಾ?"

"ಇಲ್ಲ."

"ಮೊದ್ಲು ಊಟ ಮಾಡು ಹೋಗು. ನೀರು ಹೋಯ್ತು, ತುಂಬಿದೋರು ಇದ್ದಾರೆ."

ಸಭೆಯಲ್ಲಿ ಅವರು ಖಾಲಿ ಬಾಟಲಿಗಳನ್ನು ಜೋಡಿಸಿದರು. ತಮ್ಮ ಪರೀಕ್ಷಾಲಯದಲ್ಲಿ ತಪ್ಪಾಗಿದೆ, ಹೊಣೆ ತಮ್ಮದು ಎಂದರು. ಸಹಾಯಕಿಯತ್ತ ತಿರುಗಿಯೂ ನೋಡಲಿಲ್ಲ. ವಕೀಲರು ನಕ್ಕರು. ಆಗ ಕೆರೆಯಕ್ಕ ಮೊದಲ ಚೀಟಿಯ ಹೆಸರನ್ನು ಓದಿದರು. ಕ್ಷೌರಿಕನೊಬ್ಬ ಎದ್ದು ಬಂದು ತನ್ನ ಬಾಟಲಿಯನ್ನು ಕೈಗೆತ್ತಿಕೊಂಡ.

"ಈ ಸಹಿ ನಂದೇ. ಅವತ್ತು ನೀರು ಕೆಂಪಗಿತ್ತು. ನನ್ನ ಮಗಳು ಕಾಲಿಟ್ಲು, ಉಗುರೆಲ್ಲ ಕೆಂಪಾಯ್ತು. ಬಣ್ಣ ಹಚ್ಚೋ ಖರ್ಚು ಉಳೀತು ಅಂತ ಮನೇಲಿ ನಕ್ವಿ. ಮೂರನೇ ದಿನ ಅವಳ ಪಾದದ ಚರ್ಮ ಸುಲೀತು."

ಅವನ ಹಿಂದೆ ಬಸ್ಸಿನ ಚಾಲಕ, ಶಾಲೆಯ ಆಯಾ, ಕೋಲೂರಿಕೊಂಡ ಒಬ್ಬ ಅಜ್ಜಿ, ಹೀಗೆ ಒಬ್ಬೊಬ್ಬರೇ ಬಂದು ಖಾಲಿ ಗಾಜನ್ನು ಹಿಡಿದು ತಮ್ಮ ಸೋಮವಾರವನ್ನು ಹೇಳಿದರು. ಕೇಳುತ್ತ ಕುಳಿತ ಸಹಾಯಕಿಗೆ, ತಾನು ಚೆಲ್ಲಿದ ನೀರು ಒಂದೊಂದು ಬಾಟಲಿಯಲ್ಲೂ ಮೆಲ್ಲಗೆ ಮೇಲೇರುತ್ತಿರುವಂತೆ ಕಂಡಿತು. ಮಧ್ಯಾಹ್ನದ ಹೊತ್ತಿಗೆ ವಕೀಲರ ನಗು ನಿಂತಿತ್ತು. ಕೆರೆ ದಾಖಲೆಯಲ್ಲಿ ಕೆರೆಯಾಗಿಯೇ ಉಳಿಯಿತು. ಕಾರ್ಖಾನೆಯ ಕೊಳವೆ ಮುಚ್ಚಲು ಮತ್ತೆ ನಾಲ್ಕು ವರ್ಷ ಹಿಡಿಯಿತು.

ಆಮೇಲೆ ಕೆರೆಯಕ್ಕ ಇನ್ನೂ ಮೂರು ಕೆರೆಗಳ ಜನರಿಗೆ ಬಾಟಲಿ ಹಿಡಿಯಲು ಕಲಿಸಿದರು. ಸಹಾಯಕಿಯ ಹೆರಿಗೆಯ ಸಮಯದಲ್ಲಿ ಅವಳ ಕೆಲಸವನ್ನೂ ತಾವೇ ಹೊತ್ತರು, ಆ ಉಪಕಾರದ ಮಾತನ್ನು ಮತ್ತೆಂದೂ ಎತ್ತಲಿಲ್ಲ. ತೊಳೆದ ಕಥೆಯನ್ನು ಮಾತ್ರ ಬಿಡಲಿಲ್ಲ. ಪ್ರತಿ ತಪಾಸಣೆಯ ಹಿಂದಿನ ದಿನ, "ಇವನ್ನಾದ್ರೂ ಬಿಡು ತಾಯಿ" ಎಂದು ಕೈಮುಗಿಯುತ್ತಿದ್ದರು.

ಇಷ್ಟು ವರ್ಷಗಳಲ್ಲಿ ಒಂದು ಚೀಟಿಯ ಮೇಲೂ ಅವರ ಸಹಿಯಿಲ್ಲ, ಏಕೆಂದರೆ ಪರೀಕ್ಷಾಲಯದವರು ನೀರು ತುಂಬಬಾರದೆಂಬ ನಿಯಮ ಅವರದೇ. ಬರುವ ಸೋಮವಾರ ಅವರು ಪರೀಕ್ಷಾಲಯದವರಲ್ಲ, ದಂಡೆಯ ನಿವಾಸಿ. ಸಹಾಯಕಿ ಅಂದು ತೂಬಿನ ಬಳಿ ಅವರ ಕೈಗೆ ಬಾಟಲಿ ಕೊಡಲಿದ್ದಾಳೆ. ಅವರ ಆಯುಸ್ಸು ಅಂಥ ಸಾವಿರ ಸೋಮವಾರಗಳನ್ನು ಕಾಣಲಿ, ಅವರ ಸಹಿಯಿರುವ ಚೀಟಿಗಳಿಂದ ಕಿಟಕಿಯ ಹಲಗೆ ತುಂಬಲಿ. ಆ ಬಾಟಲಿಗಳನ್ನು ನಾನು ತೊಳೆಯುವುದಿಲ್ಲ.