ಹಾಲುಕ್ಕುವ ಮುಂಚೆ ಕೂಗುವ ಡಬ್ಬಿ

ನಾನು ಶಿಕಾರಿಪುರದ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತೇನೆ. ಮನೆ ಆನವಟ್ಟಿಯಲ್ಲಿ. ಬೆಳಿಗ್ಗೆ ನಾನು ಬಸ್ಸಿಗೆ ಹೊರಡುವ ಗಡಿಬಿಡಿಯಲ್ಲಿದ್ದರೆ ನಮ್ಮ ಅತ್ತೆ ಒಲೆ ಮೇಲೆ ಹಾಲಿಟ್ಟು, ಪಕ್ಕದ ಮನೆಯವರ ಹತ್ತಿರ ಮಾತಿಗೆ ನಿಂತುಬಿಡುತ್ತಿದ್ದರು. ಹಾಲು ತನ್ನ ಪಾಡಿಗೆ ಉಕ್ಕಿ ಒಲೆ ಆರಿಸುತ್ತಿತ್ತು. ಮನೆ ತುಂಬ ಗ್ಯಾಸಿನ ವಾಸನೆ ಬಂದ ದಿನ ನಾನು ತುಸು ಜೋರಾಗಿಯೇ ಮಾತಾಡಿದೆ. ಅತ್ತೆ ಸಿಟ್ಟಾಗಲಿಲ್ಲ.

“ಊರ ಮಕ್ಕಳಿಗೆಲ್ಲ ಕರೆಂಟಿನ ವಿದ್ಯೆ ಕಲಿಸ್ತೀಯಲ್ಲ, ಹಾಲು ಉಕ್ಕೋ ಮುಂಚೆ ಕೂಗೋದೊಂದು ಮಾಡಿಕೊಡು ನೋಡಾಣ” ಎಂದರು.

ಮಾಡಲೇಬೇಕಾಯಿತು. ಮೊದಲು ಪಾತ್ರೆಯ ಬಿಸಿ ಅಳೆಯುವ ಸೆನ್ಸರ್ ಹಾಕಿ ನೋಡಿದೆ. ಹಾಲು ಹೆಚ್ಚಿದ್ದರೆ ಅದರ ಪುಟ್ಟ ದೀಪ ತೀರಾ ಬೇಗ ಹೊತ್ತಿಕೊಳ್ಳುತ್ತಿತ್ತು, ಕಡಿಮೆಯಿದ್ದರೆ ಉಕ್ಕಿ ಕಟ್ಟೆಯೆಲ್ಲ ಹರಿದ ಮೇಲೆ. ಬಿಸಿಯ ಗೊಡವೆ ಬಿಟ್ಟು ನೊರೆಯನ್ನೇ ಹಿಡಿಯೋಣ ಎನಿಸಿತು. ಪಾತ್ರೆಯ ಬಾಯಿಯ ಹತ್ತಿರ ಎರಡು ಸ್ಟೀಲ್ ಕಡ್ಡಿ ನಿಲ್ಲಿಸುವುದು. ಏರಿದ ನೊರೆ ಎರಡನ್ನೂ ಮುಟ್ಟಿದರೆ ಅದರ ಮೂಲಕ ಒಂಚೂರು ಕರೆಂಟು ಹರಿದು ಟ್ರಾನ್ಸಿಸ್ಟರ್ ಎಚ್ಚರಾಗುತ್ತದೆ. ಮುಂದಿನದು ಕೂಗುವ ಕೆಲಸ ಮಾತ್ರ.

ಆ ಕೂಗುವುದೇ ಸಿಗಲಿಲ್ಲ. ಟ್ರಾನ್ಸಿಸ್ಟರನ್ನು ಕೆಟ್ಟ ಟಿವಿಯ ಬೋರ್ಡಿನಿಂದ ಕಿತ್ತುಕೊಂಡಿದ್ದೆ. ಕರೆಂಟಿಗೆ ಹಳೇ ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್ ಇತ್ತು. ಪುಟ್ಟ ಬಜರ್ ಬೇಕೆಂದರೆ ಶಿವಮೊಗ್ಗಕ್ಕೇ ಹೋಗಬೇಕು. ಶಿಕಾರಿಪುರದ ಬಸ್‌ಸ್ಟ್ಯಾಂಡ್ ಹತ್ತಿರ ಗಾಡಿ ಸಾಮಾನು ಮಾರುವವರು, ಸದ್ದು ಮಾಡೋದು ತಾನೇ ರೀ, ಇದನ್ನ ಒಯ್ಯಿರಿ ಎಂದು ಕಾರಿನ ರಿವರ್ಸ್ ಹಾರ್ನ್ ಕೊಟ್ಟರು.

ಎಲ್ಲವನ್ನೂ ಒಂದು ಡಬ್ಬಿಗೆ ಜೋಡಿಸಿ ಒಲೆ ಪಕ್ಕ ಇಟ್ಟೆ. ಮರುದಿನ ಬೆಳಿಗ್ಗೆ ನೊರೆ ಏರಿತು. ಕಡ್ಡಿಗೆ ತಾಗಿತು. ಅಡುಗೆಮನೆಯಿಂದ ಹೆಂಗಸಿನ ದನಿಯೊಂದು ಇಂಗ್ಲಿಷಿನಲ್ಲಿ, ಈ ವಾಹನ ಹಿಂದಕ್ಕೆ ಬರುತ್ತಿದೆ, ಗಮನಿಸಿ ಎಂದು ಕೇರಿಗೆಲ್ಲ ಕೇಳುವಂತೆ ಸಾರಿತು. ಬಾಗಿಲಲ್ಲಿದ್ದ ಹಾಲಿನವರು ಹಿಂದೆ ನೋಡದೆಯೇ ಬೈಕನ್ನು ಚರಂಡಿ ಕಡೆ ಸರಿಸಿಕೊಂಡರು. ಅತ್ತೆ ಓಡಿಬಂದು ಒಲೆ ಆರಿಸಿದರು. ಒಂದು ಹನಿಯೂ ಚೆಲ್ಲಿರಲಿಲ್ಲ. ನನಗೆ ಕುಣಿಯುವಷ್ಟು ಖುಷಿ.

“ಯಾರೇ ಇವಳು? ನಮ್ಮನೆ ಹಾಲಿಗೆ ಇಂಗ್ಲಿಷಲ್ಲಿ ಯಾಕೆ ಬೈತಾಳೆ?” ಎಂದರು ಅತ್ತೆ.

ಸಂಜೆ ಕಾಲೇಜಿನಿಂದ ಬಂದು ನೋಡಿದರೆ ಡಬ್ಬಿ, ತಂತಿ, ಹಾರ್ನ್ ಎಲ್ಲವೂ ಸೋಪಿನಲ್ಲಿ ಮಿಂದು, ಲೋಟಗಳ ಜೊತೆ ಬುಟ್ಟಿಯಲ್ಲಿ ಬೋರಲು ಬಿದ್ದಿದ್ದವು. ಕಡ್ಡಿಗೆ ಹಾಲು ಅಂಟಿಕೊಂಡರೆ ನಾತ ಬರುವುದಿಲ್ಲವೇ ಎಂದು ಅತ್ತೆ ನನ್ನನ್ನೇ ಕೇಳಿದರು. ಅಡುಗೆಮನೆಯ ವಸ್ತುವನ್ನು ತೊಳೆಯಬೇಡಿ ಎಂದು ಯಾವ ಬಾಯಲ್ಲಿ ಹೇಳಲಿ? ನಾನು ಸರ್ಕ್ಯೂಟನ್ನಷ್ಟೇ ಯೋಚಿಸಿದ್ದೆ, ಅದು ಬಾಳಬೇಕಾದ ಮನೆಯನ್ನಲ್ಲ. ಎರಡನೆಯದನ್ನು ಮಾಡುವಾಗ ಕಡ್ಡಿಗಳನ್ನು ಬೇರೆ ಬಿಚ್ಚಿ ತೊಳೆಯುವ ಹಾಗೆ ಮಾಡಿದೆ, ಡಬ್ಬಿಯನ್ನು ಒಲೆಯಿಂದ ದೂರ ಗೋಡೆಗೆ ಮೊಳೆ ಹೊಡೆದು ಕೂರಿಸಿದೆ. ಶಿವಮೊಗ್ಗಕ್ಕೆ ಹೋಗಿದ್ದಾಗ ಕೀಚು ದನಿಯ ಬಜರ್ ಕೂಡ ತಂದೆ.

ಅದು ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಆದರೆ ಹಬ್ಬಕ್ಕೆ ಬಂದ, ಜಡೆ ಊರಿಗೆ ಕೊಟ್ಟ ನಾದಿನಿ ಅದನ್ನು ಕೇಳಿ ಒಯ್ದಳು. ವಾರ ಕಳೆದು ಫೋನು ಮಾಡಿದೆ. ಹಾಲಿನ ಹತ್ತಿರ ತಾನೇ ನಿಲ್ಲುತ್ತಾಳಂತೆ. ಡಬ್ಬಿಯನ್ನು ಮಾಳಿಗೆಯ ನೀರಿನ ಟ್ಯಾಂಕಿಗೆ ಕಟ್ಟಿಸಿದ್ದಾಳಂತೆ. ಟ್ಯಾಂಕು ತುಂಬಿ ನೀರು ಕಡ್ಡಿಗೆ ತಾಗಿದರೆ ಕೂಗುತ್ತದೆ, ಮೋಟಾರು ಆರಿಸುತ್ತಾರೆ. ಒಂದು ಕ್ಷಣ ನನ್ನ ಮುಖ ಸಣ್ಣದಾಯಿತು. ಆಮೇಲೆ ನಗು ಬಂತು. ಹಾಲಿಗೆಂದು ಒಬ್ಬರೂ ಕೇಳಿರಲಿಲ್ಲ, ಟ್ಯಾಂಕಿಗೆಂದು ಜಡೆಯಲ್ಲಿ ಆಗಲೇ ಮೂರು ಮನೆಯವರು ಕೇಳಿದ್ದರು.

ಈಗ ಭಾನುವಾರ ಜಗಲಿಯಲ್ಲಿ ಬೆಸುಗೆ ಹಾಕುತ್ತ ಕೂರುತ್ತೇನೆ. ಅತ್ತೆ ಬಕೆಟಿನಲ್ಲಿ ಕಡ್ಡಿ ಅದ್ದಿ ಒಂದೊಂದನ್ನೂ ಕೂಗಿಸಿ ನೋಡುತ್ತಾರೆ. ಮೊನ್ನೆ ರೈತರೊಬ್ಬರು ಬಂದು, ತುಂಬಿದಾಗ ಕೂಗೋದು ಬೇಡ, ಬಾವಿಯ ನೀರು ತಳ ಕಂಡಾಗ ಕೂಗುವಂಥದ್ದು ಆಗುತ್ತದೋ ಎಂದು ವಿಚಾರಿಸಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಹೇಳಿಬಿಟ್ಟರು:

“ಆಗ್ತದೆ. ಬರೋ ವಾರ ಬರ್ರಿ.”

ಅವರು ಹೋದ ಮೇಲೆ ನನ್ನ ಕಡೆ ತಿರುಗಿ, ಆಗ್ತದಲ್ವಾ ಎಂದು ಮೆಲ್ಲಗೆ ಕೇಳಿದರು.