ಭತ್ತದ ಮುಂದೆ ನಿಂತ ಕಾರು

ಎಷ್ಟು ಹೊತ್ತು ನಿಂತಿದ್ದೆವೋ ಖಚಿತವಿಲ್ಲ. ನನ್ನ ನೆನಪು ಅರ್ಧ ಗಂಟೆ ಎನ್ನುತ್ತದೆ. ಹತ್ತು ನಿಮಿಷವೂ ಇರಲಿಲ್ಲ ಎನ್ನುತ್ತಾಳೆ ಹೆಂಡತಿ ಸುನಂದಾ. ಹೆದರಿದವನ ಲೆಕ್ಕವನ್ನು ನಾನಂತೂ ನಂಬುವುದಿಲ್ಲ.

ಸಿರುಗುಪ್ಪದಿಂದ ಬಳ್ಳಾರಿಗೆ ಹೊರಟಿದ್ದೆವು. ತೆಕ್ಕಲಕೋಟೆ ದಾಟಿದ ಮೇಲೆ ಅರ್ಧ ರಸ್ತೆಗೆ ಭತ್ತ ಒಣಹಾಕಿದ್ದರು. ಉಳಿದರ್ಧದಲ್ಲಿ ಎದುರಿನಿಂದ ಕಟಾವು ಯಂತ್ರವೊಂದು ಬಂದು ನಿಂತಿತು. ಕಾಳಿನ ಮೇಲೆ ಗಾಲಿ ಹತ್ತಿಸಲು ಅದರ ಚಾಲಕ ಒಪ್ಪಲಿಲ್ಲ. ನನ್ನ ಹಿಂದೆ ಲಾರಿಗಳಿದ್ದವು. ಹೆಂಗಸರು ಭತ್ತ ಬಳಿದು ದಾರಿ ಮಾಡತೊಡಗಿದರು.

ಅಷ್ಟರಲ್ಲಿ ಎಸಿಯ ಗಾಳಿ ಬೆಚ್ಚಗಾಯಿತು. ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದರೂ ತಣ್ಣಗಾಗಲಿಲ್ಲ. ಸುನಂದಾಳ ಮಡಿಲಲ್ಲಿ ಅಳುತ್ತಿದ್ದ ನಾಲ್ಕು ತಿಂಗಳ ಮಗಳು ಇದ್ದಕ್ಕಿದ್ದಂತೆ ಸುಮ್ಮನಾದಳು. ಮುಖ ಕೆಂಪಾಗಿತ್ತು, ಕೈ ಜೋತುಬಿದ್ದಿತ್ತು. ಕೆನ್ನೆ ತಟ್ಟಿದರೂ ಕಣ್ಣು ತೆರೆಯಲಿಲ್ಲ.

ಮೊರ ಹಿಡಿದ ಹೆಂಗಸೊಬ್ಬಳು ಗಾಜು ಬಡಿದಳು. "ಯಣ್ಣಾ, ಕೂಸಿನ್ನ ಡಬ್ಬಿಯಾಗಿಟ್ಟು ಬೇಯಸ್ತೀರೇನು? ಹೊರಗ ತರ್ರಿ!"

"ಎಸಿ ಹಾಕೀವಮ್ಮಾ," ಎಂದೆ.

"ನಿಮ್ಮ ಎಸಿಗಿಷ್ಟು ಬೆಂಕಿ ಹಚ್ರಿ! ಕೊಡವ್ವಾ ಇಲ್ಲಿ."

ಬೇವಿನ ನೆರಳಿಗೆ ಒಯ್ದು, ಸೆರಗು ತೋಯಿಸಿ ಮುಖ ಒರೆಸಿದಳು, ಮೊರದಿಂದ ಬೀಸಿದಳು. ನಾನು ಮಗುವಿನ ಎದೆಯನ್ನೇ ನೋಡುತ್ತಿದ್ದೆ. ಅದು ಏರಿಳಿಯುತ್ತಿತ್ತೋ, ನನ್ನ ಕಣ್ಣೇ ನಡುಗುತ್ತಿತ್ತೋ ಹೇಳಲಾರೆ. ಕೊನೆಗೆ ಮಗಳು ಕಿರುಚಿ ಅತ್ತಳು.

"ಅಳ್ಳಿ ಬಿಡ್ರಿ, ಸುಮ್ಮನಿದ್ರ ಅಂಜಬೇಕು," ಎಂದು ಅವಳು ಭತ್ತದ ಕಡೆ ಹೋದಳು.

ಬಳ್ಳಾರಿಯಲ್ಲಿ ಕಾರನ್ನು ಮೆಕ್ಯಾನಿಕ್‌ಗೆ ತೋರಿಸಿದೆ, ಆಮೇಲೆ ಓದಿಯೂ ನೋಡಿದೆ. ನಿಂತ ಕಾರಿನ ಎಂಜಿನ್ ನಿಧಾನ ತಿರುಗುತ್ತದೆ, ಅದರ ಜೊತೆ ಎಸಿಗೆ ತಂಪು ಕೊಡುವ ಕಂಪ್ರೆಸರ್ ಕೂಡ. ಒಳಗಿನ ಬಿಸಿಯನ್ನು ಹೊತ್ತೊಯ್ಯಲು ಎದುರುಗಾಳಿಯೂ ಇರುವುದಿಲ್ಲ. ನಮ್ಮ ಎಸಿ ಕೆಟ್ಟಿರಲೇ ಇಲ್ಲ.