ಕೊಸರು ಕೇಳಬಾರದು

ನಮ್ಮ ಚರ್ಚಿನಲ್ಲಿ ಭಾನುವಾರದ ಆರಾಧನೆ ಒಂಬತ್ತಕ್ಕೆ ಎಂದು ಬೋರ್ಡಿನ ಮೇಲೆ ಬರೆದಿದೆ. ಒಂಬತ್ತಕ್ಕೆ ಅಲ್ಲಿರುವವರು ದೇವರು, ನಾನು ಮತ್ತು ಒಂದು ನಾಯಿ. ನಾನು ಬೋರ್ಡಿಂಗ್ ಶಾಲೆಯಲ್ಲಿ ಗಂಟೆಗೆ ಎದ್ದು ಗಂಟೆಗೆ ಉಂಡವನು. ಮುಂದೆ ಮಾಸ್ತರನಾಗಿ ರಾಯಬಾಗ ತಾಲೂಕಿನ ಶಾಲೆಗಳಲ್ಲಿ ಗಂಟೆ ಹೊಡೆಸಿದವನು. ತಡವಾಗಿ ಬರುವುದನ್ನು ಈ ವಯಸ್ಸಿನಲ್ಲಿ ಕಲಿಯಲಾರೆ. ಉಳಿದವರು ಎರಡನೆಯ ಹಾಡಿಗೆ ಬರುತ್ತಾರೆ. ಕಾಣಿಕೆ ತಟ್ಟೆ ತಿರುಗಿದ ಮೇಲೆ ಬರುವ ಒಂದು ಗುಂಪೂ ಇದೆ.

ಹೋದ ವರ್ಷ ಪಾಸ್ಟರು ಸುಳ್ಳು ತಕ್ಕಡಿಯ ಬಗ್ಗೆ ಮೂರು ಭಾನುವಾರ ಪ್ರಸಂಗ ಮಾಡಿದರು. ಮೊದಲನೆಯ ಭಾನುವಾರವೇ ಎಲ್ಲರಿಗೂ ಅರ್ಥವಾಗಿತ್ತು. ಮೂರನೆಯದರ ಕೊನೆಗೆ ತಮ್ಮ ನಿರ್ಧಾರ ಹೇಳಿದರು: ಸುತ್ತಲಿನ ಬೆಳೆಗಾರರು ದಲಾಲಿಯ ಕೈ ತಪ್ಪಿಸಿ ಚರ್ಚಿನ ಅಂಗಳದಲ್ಲೇ ಮಾರಬೇಕು, ಸಭೆಯವರು ಸರಿಯಾದ ಬೆಲೆ ಕೊಟ್ಟು ಕೊಳ್ಳಬೇಕು. ಅದಕ್ಕೆ ‘ನ್ಯಾಯದ ವ್ಯಾಪಾರ’ ಎಂದು ಹೆಸರಿಟ್ಟರು. ಎಲ್ಲರೂ ಆಮೆನ್ ಎಂದರು. ಆಮೆನ್ ಹೇಳುವಾಗ ನಮ್ಮಲ್ಲಿ ಯಾರೂ ಚೌಕಾಸಿ ಮಾಡುವುದಿಲ್ಲ. ವ್ಯವಸ್ಥೆ ನನ್ನ ತಲೆಗೆ ಬಂತು, ಗಡಿಯಾರ ನೋಡುವವನು ನಾನೊಬ್ಬನೇ ಎಂಬ ಕಾರಣಕ್ಕೆ.

ಮಾರಲು ಬಂದವಳು ಒಬ್ಬಳೇ. ದಿಗ್ಗೇವಾಡಿಯ ಹೆಣ್ಣುಮಗಳು, ಹೊಳೆದಂಡೆಯ ತುಂಡು ಹೊಲದಲ್ಲಿ ಬದನೆಕಾಯಿ ಬೆಳೆಯುತ್ತಿದ್ದಳು. ನಮ್ಮ ಸಭೆಯವಳಲ್ಲ. ಪ್ರಸಂಗ ಮುಗಿಯುವವರೆಗೆ ಹೊರಗೆ ಬೇವಿನ ಮರದ ಕೆಳಗೆ ಕೂತಿರುತ್ತಿದ್ದಳು. ಅಷ್ಟರಮಟ್ಟಿಗೆ ನಮಗಿಂತ ಜಾಣೆ. ಪೇಟೆಯ ದಲಾಲಿ ಬುಟ್ಟಿಯ ತೂಕವೆಂದು ಪ್ರತಿ ಸಲ ಮೂರು ಕಿಲೋ ಮುರಿಯುತ್ತಿದ್ದನಂತೆ. ಬುಟ್ಟಿ ಬಿದಿರಿನದು, ಕಬ್ಬಿಣದ್ದಲ್ಲ. ಒಂದು ದಿನ ಆ ಮಾತನ್ನು ಅವನ ಮುಖದ ಮೇಲೆಯೇ ಹೇಳಿ ಬುಟ್ಟಿ ಎತ್ತಿಕೊಂಡು ಬಂದುಬಿಟ್ಟಿದ್ದಳು.

“ಇನ್ನ ನನ್ನ ಕಟ್ಟಿ ಹತ್ತಬ್ಯಾಡ ಅಂದಾನ್ರಿ, ಮಾಸ್ತರ್ರಿ. ನಿಮ್ಮ ದೇವರ ಅಂಗಳದಾಗ ಹೋಗಲಿಲ್ಲಂದ್ರ ಈ ಕಾಯಿ ಎಮ್ಮಿಗೆ ಹಾಕಬೇಕ.”

ಹೀಗೆ ನಮ್ಮ ಆಮೆನ್ ಮೇಲೆ ಅವಳ ಇಡೀ ಬೆಳೆ ನಿಂತಿತ್ತು.

ಮೊದಲ ಭಾನುವಾರ ಅರ್ಧ ಗಂಟೆಯಲ್ಲಿ ಬುಟ್ಟಿ ಖಾಲಿಯಾಯಿತು. ನಾನು ಸರ್ಕಾರಿ ಮುದ್ರೆಯ ತಕ್ಕಡಿ ಹಿಡಿದು ನಿಂತಿದ್ದೆ. ಆದರೆ ತಕ್ಕಡಿಯ ಕೆಲಸ ಮುಗಿದ ಮೇಲೆಯೇ ನಮ್ಮವರ ಕೆಲಸ ಶುರುವಾಗುತ್ತಿತ್ತು. ತೂಗಿದ್ದರ ಮೇಲೆ ಕೈಯಿಂದ ಒಂದೆರಡು ಕಾಯಿ ಹೆಚ್ಚು ಹಾಕಿಸಿಕೊಳ್ಳುವ ಕೊಸರು ಇಲ್ಲದೆ ನಮ್ಮ ಕಡೆ ಯಾರ ಸಂತೆಯೂ ಮುಗಿಯುವುದಿಲ್ಲ. ಹಾಡಿನ ತಂಡದ ಮುಂದಾಳು ಚೀಲದೊಳಗೆ ಇಣುಕಿ ಹೇಳಿದಳು:

“ಅಯ್ಯ, ಇಷ್ಟ ಏನ ಬೇ? ಮ್ಯಾಲ ನಾಕ ಹಾಕ.”

“ಎರಡ ಹಾಕೇನಲ್ರಿ, ಅಕ್ಕಾರ.”

“ಆ ಎರಡ ನನ್ನ ಕಣ್ಣಿಗೆ ಕಾಣವಲ್ಲವು. ದೇವರ ಹೆಸರಲೆ ಇನ್ನ ಎರಡ ಹಾಕ.”

ಪಾಸ್ಟರು ಏನೂ ಕೇಳಲಿಲ್ಲ. ಚೀಲದ ಬಾಯಿ ತೆರೆದು ಹಿಡಿದು ಮಾರುವವಳ ಮಕ್ಕಳ ಕ್ಷೇಮ ವಿಚಾರಿಸುತ್ತ ನಿಂತರು. ಚೀಲಕ್ಕೆ ಮೂರು ಕಾಯಿ ಬಿದ್ದವು.

ಒಟ್ಟು ಕೊಸರು ಸುಮಾರು ಮೂರು ಕಿಲೋ ಆದೀತು ಎಂದು ನನ್ನ ಅಂದಾಜು. ದಲಾಲಿ ಬುಟ್ಟಿಯ ಹೆಸರಿನಲ್ಲಿ ಮುರಿದದ್ದನ್ನು ನಾವು ದೇವರ ಹೆಸರಿನಲ್ಲಿ ಮುರಿದಿದ್ದೆವು. ಮುಂದಿನ ಭಾನುವಾರ ಬೇವಿನ ಮರಕ್ಕೆ ಕರಿಹಲಗೆ ನೇತುಹಾಕಿ ದುಂಡಗಿನ ಅಕ್ಷರದಲ್ಲಿ ಬರೆದೆ: ‘ಕೊಸರು ಕೇಳಬಾರದು. ಕೊಸರು ಕೊಡಬಾರದು.’ ಪಕ್ಕದಲ್ಲಿ ನಾನೇ ನಿಂತೆ. ಕೈಯಲ್ಲಿ ಬೆತ್ತ ಇರಲಿಲ್ಲ, ಮುಖದ ಮೇಲೆ ಇದ್ದಿರಬೇಕು.

ತಕ್ಕಡಿಯ ಮುಳ್ಳು ನೆಟ್ಟಗೆ ನಿಂತಿತು, ವ್ಯಾಪಾರವೂ ನಿಂತಿತು. ಹಾಡಿನ ಮುಂದಾಳು ಕರಿಹಲಗೆ ಓದಿ, ಮನೆಯಲ್ಲಿ ಬದನೆಕಾಯಿ ಯಾರೂ ತಿನ್ನುವುದಿಲ್ಲ ಎಂದಳು. ಅದರ ಮುಂದಿನ ವಾರ ಸಭೆಯ ಮುಕ್ಕಾಲು ಪಾಲು ಹಿಂದಿನ ಗೇಟಿನಿಂದ ಹೊರಬಿತ್ತು. ಅಲ್ಲಿ ಗೇಟು ಇದೆಯೆಂದು ನನಗೆ ಗೊತ್ತಾದದ್ದೇ ಆವತ್ತು. ಅರ್ಧಕ್ಕಿಂತ ಹೆಚ್ಚು ಕಾಯಿ ಬುಟ್ಟಿಯಲ್ಲೇ ಬಾಡುತ್ತಿದ್ದವು. ಅವಳು ಸೆರಗಿನಿಂದ ಅವುಗಳ ಧೂಳು ಒರೆಸುತ್ತ ಕೂತಿದ್ದಳು.

“ಸಿಟ್ಟ ಆಗಬ್ಯಾಡ್ರಿ, ಮಾಸ್ತರ್ರಿ. ಮನಿಗೆ ಬಂದವರಿಗೆ ನೀರ ಕೊಡಬ್ಯಾಡ ಅಂತ ಬೋರ್ಡ ಹಾಕಿದಂಗ ಆಗೇತಿ.”

“ನಿನ್ನ ಸಲುವಾಗೇ ಹಾಕೀನಿ, ತಂಗಿ. ಇವರು ನಿನ್ನ ಸುಲಿತಾರ.”

“ದಲಾಲಿ ನನ್ನ ಕೇಳದನ ಮುರೀತಿದ್ದ. ಕೊಸರ ನನ್ನ ಕೈಯಿಂದ ಹೋಗೂದು. ಅದನ್ನ ಕೊಡೂದೂ ಬಿಡೂದೂ ನನ್ನ ಕೈಯಾಗ ಇಲ್ಲಂದ್ರ, ಅವನ ಕಟ್ಟಿಗೂ ನಿಮ್ಮ ಅಂಗಳಕ್ಕೂ ಏನ್ ಫರಕ್ರಿ?”

ನನ್ನ ಇಡೀ ಸರ್ವಿಸಿನಲ್ಲಿ ಯಾವ ಇನ್ಸ್‌ಪೆಕ್ಟರನೂ ನನ್ನನ್ನು ಹೀಗೆ ನಿಲ್ಲಿಸಿ ಪ್ರಶ್ನೆ ಕೇಳಿರಲಿಲ್ಲ. ಸ್ವಲ್ಪ ಹೊತ್ತು ತಕ್ಕಡಿ ಸರಿಮಾಡುವ ನಾಟಕ ಮಾಡಿದೆ.

“ಹಂಗಾರ ಬೋರ್ಡ ತಗೀಲೇನು?”

“ಕೇಳಬಾರದು ಅನ್ನೂದು ಇರಲಿ. ಕೊಡಬಾರದು ಅನ್ನೂದು ಅಳಸ್ರಿ.”

ಎರಡನೆಯ ವಾಕ್ಯವನ್ನು ನನ್ನ ಕರವಸ್ತ್ರದಿಂದಲೇ ಅಳಿಸಿದೆ. ಮುಂದಿನ ಭಾನುವಾರ ಹೊಸ ನಿಯಮವನ್ನು ಪಾಸ್ಟರು ಪೀಠದಿಂದಲೇ ಹೇಳಿದರು. ಎಂದಿನಂತೆ ಅರ್ಧ ನಿಮಿಷದ ಮಾತಿಗೆ ಎಂಟು ನಿಮಿಷ ಹಿಡಿಯಿತು.

ಬಾಯಿಬಿಟ್ಟು ಕೇಳುವಂತಿಲ್ಲವಲ್ಲ, ಇಡೀ ಸಭೆ ಪಾಸ್ಟರ ವಿದ್ಯೆ ಕಲಿತಿತು. ಆ ದಿನ ಅವಳ ಮಕ್ಕಳ ಕ್ಷೇಮವನ್ನು ವಿಚಾರಿಸದವರಿಲ್ಲ. ಎಮ್ಮೆಯ ಕ್ಷೇಮವನ್ನೂ ಯಾರೋ ಕೇಳಿದರು. ಚೀಲಗಳು ಬಾಯಿ ತೆರೆದುಕೊಂಡು ಕಾಯುತ್ತಿದ್ದವು. ಅವಳು ಮುಖ ನೋಡಿ ಕೊಟ್ಟಳು: ಕೋಲು ಹಿಡಿದು ಬಂದ ಮುದುಕಿಗೆ ಮೂರು, ಪಾಸ್ಟರಿಗೆ ಒಂದು, ಕೆಲವರಿಗೆ ಬರೀ ನಗೆ. ಹಾಡಿನ ಮುಂದಾಳನ್ನು ಚೆನ್ನಾಗಿ ಕಾಯಿಸಿ, ಹುಡುಕಿ ಹುಡುಕಿ ಒಂದು ಸಣ್ಣದನ್ನು ಹಾಕಿದಳು. ಆಕೆ ಅದನ್ನು ಬಹುಮಾನ ಬಂದಂತೆ ಎತ್ತಿ ತೋರಿಸಿದಳು. ಎಲ್ಲ ಕೊಸರು ಸೇರಿಸಿದರೂ ಒಂದು ಕಿಲೋ ಆಗಿರಲಿಕ್ಕಿಲ್ಲ. ಬುಟ್ಟಿ ಮಾತ್ರ ಖಾಲಿಯಾಗುತ್ತ ಬಂತು. ಬರುವ ವಾರ ಎರಡು ಬುಟ್ಟಿ ತರುತ್ತೇನೆ ಎಂದಳು.

ಕೊನೆಗೆ ನನ್ನ ಸರದಿ. ಒಂದು ಕಿಲೋ ತೂಗಿಸಿಕೊಂಡು ಚೀಲ ತೆರೆದು ಹಿಡಿದೆ.

“ಮಕ್ಕಳು ಆರಾಮ ಅದಾರೇನು, ತಂಗಿ?”

“ಅದಾರ್ರಿ.” ಚೀಲದ ಬಾಯನ್ನು ತಾನೇ ಕಟ್ಟಿ ನನ್ನ ಕೈಗಿಟ್ಟಳು. “ನಿಮ್ಮದು ಬರೋಬ್ಬರಿ ಐತ್ರಿ, ಮಾಸ್ತರ್ರಿ. ಬೋರ್ಡ ಬರದವರಿಗೆ ಬೋರ್ಡಿನ ಪ್ರಕಾರ.”

ಈಗ ಒಂಬತ್ತಕ್ಕೆ ದೇವರು, ನಾನು, ನಾಯಿ ಮತ್ತು ಅವಳು ಇರುತ್ತೇವೆ, ಬುಟ್ಟಿ ಎರಡು. ಆರಾಧನೆ ಮುಗಿದ ಮೇಲೆ ಪ್ರತಿ ವಾರ ಒಂದು ಕಿಲೋ ಕೊಳ್ಳುತ್ತೇನೆ, ಮಕ್ಕಳ ಕ್ಷೇಮ ವಿಚಾರಿಸುತ್ತೇನೆ. ಮುಳ್ಳು ನೆಟ್ಟಗೆ ನಿಲ್ಲುತ್ತದೆ. ಬೇಕಾದದ್ದಕ್ಕಿಂತ ಅರ್ಧ ನಿಮಿಷ ಹೆಚ್ಚು ಚೀಲ ತೆರೆದೇ ಹಿಡಿದಿದ್ದು, ಆಮೇಲೆ ಮನೆಗೆ ಹೋಗುತ್ತೇನೆ.